ಮಿಂಚಿನ ಬೆರಳು

"ಒಂದೂರಾಗೆ ಒಬ್ಬ ರಾಜ ಇದ್ನಂತೆ. ನಾಕು ಮೆಟ್ಲು ಹತ್ತಿದ್ರೆ ಏದುಸಿರು. ಅದ್ಕೆ ಮದ್ದು, ನೆಲಕ್ಕೆ ಬಿದ್ದ ಮಿಂಚಿನ ಬೆರಳು ತಂದ್ಕೊಟ್ಟೋರ್ಗೆ ಅರ್ಧ ರಾಜ್ಯ ಅಂತ ಡಂಗುರ ಸಾರಿಸ್ಬುಟ್ನಂತೆ..."

"ಕಥೆ ಆಮೇಲಜ್ಜಿ. ಇಲ್ಲಿ ನನ್ನ ಬೆರಳೇ ಎದ್ದಿಲ್ಲ" ಎಂದಳು ಶೃತಿ.

ದೊಡ್ಡೇರಿಯ ಅವರ ರೇಷ್ಮೆ ಮನೆಯಲ್ಲಿ ಈಗ ಹುಳುಗಳಿರಲಿಲ್ಲ. ಹಲಗೆಗಳ ತುಂಬ ಗಾಜಿನ ಬಾಟಲಿಗಳು. ಒಳಗೆ ಬೆಂದ ಅಕ್ಕಿಯ ಮೇಲೆ ಬಿಳಿ ಪದರ. ಅದರಿಂದ ಸುಸ್ತಿಗೆ ಮದ್ದೆನ್ನುವ, ಬೆರಳಿನಂಥ ಕೇಸರಿ ಬಣ್ಣದ ಕಾರ್ಡಿಸೆಪ್ಸ್ ಅಣಬೆ ಏಳಬೇಕಿತ್ತು. ಶಿರಾದಲ್ಲಿ ಗಿಡಮೂಲಿಕೆ ಅಂಗಡಿ ಇಟ್ಟಿದ್ದ ಮಹಜಬೀನ್‌ಳನ್ನು ಜಿಮ್ ಹುಡುಗರು, ಸುಸ್ತೆನ್ನುವ ಮೇಷ್ಟ್ರುಗಳು, ಫೋನಿನಲ್ಲಿ ವಿಡಿಯೋ ನೋಡಿದ ಅತ್ತೆ ಸೊಸೆಯರು ಎಲ್ಲರೂ ಅದನ್ನೇ ಕೇಳುತ್ತಿದ್ದರು. ದೂರದ ಕಂಪನಿಯೊಂದು ಅವಳ ಶೆಲ್ಫಿನ ಮೇಲೆ ಕಣ್ಣಿಟ್ಟಿತ್ತು. "ನಮ್ಮೂರಿಂದೇ ತಂದ್ಕೊಡ್ತೀನಕ್ಕ" ಎಂದು ಶೃತಿ ಮಾತು ಕೊಟ್ಟಿದ್ದಳು. ರಂಜಾನ್ ಹಬ್ಬದೊಳಗೆ ತರದಿದ್ದರೆ ಶೆಲ್ಫ್ ಕಂಪನಿಯ ಪಾಲು.

ಹುಳು ಸಾಕಿದ ಮನೆಯ ರೂಢಿಯಂತೆ ಅವಳು ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಕಟ್ಟಿದ್ದಳು. ಅಣಬೆ ಬೆಳೆಯುವ ತರಬೇತಿಯಲ್ಲಿ ಬೆಳಕಿನ ಪಾಠ ನಡೆಯುವಾಗ ಅವಳು ಮಧುಗಿರಿ ಬೆಟ್ಟದ ಮೇಲಿನ ಮೋಡದಲ್ಲಿ ಆನೆ ಹುಡುಕುತ್ತ ಕೂತಿದ್ದಳು.

"ಗುಡುಗು ಮಿಂಚು ಇಲ್ದೆ ಅಣಬೆ ಎಲ್ಲಾರ ಏಳ್ತಾವೇನೇ?" ಅಜ್ಜಿ ಚನ್ನಮಲ್ಲಮ್ಮ ಸೊಂಟ ಹಿಡಿದು ಎದ್ದಳು. "ಗವ್ವನ್ನೋ ಕತ್ಲಾಗೆ ಮಡಗ್ಬುಟ್ಟು ಬಾ ಬಾ ಅಂದ್ರೆ, ಅವೇನು ನಿಮ್ಮಪ್ಪನ ಮನೆ ಆಳಾ?"

ಅಷ್ಟಕ್ಕೇ ಬಿಡಲಿಲ್ಲ. ಹಿತ್ತಾಳೆ ತಟ್ಟೆ ತಂದು ಬಾಟಲಿಗಳ ಮುಂದೆ ಗಡಗಡ ಬಡಿದಳು. ಗಣೇಶನಿಗೆ ಹಾಕಿದ್ದ ಮಿಣುಕು ದೀಪದ ಸರಗಳನ್ನು ಹಲಗೆಗಳಿಗೆಲ್ಲ ಸುತ್ತಿಸಿದಳು.

"ನಗಬ್ಯಾಡ ಕಣಮ್ಮ. ಆರಿಸ್ಲೂಬ್ಯಾಡ."

ಶೃತಿ ನಕ್ಕಳು. ಆರಿಸಲಿಲ್ಲ.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಬಿಳಿ ಪದರವೆಲ್ಲ ಅರಿಶಿನವಾಗಿತ್ತು! ದೀಪಗಳ ಕಡೆಗೆ ಬಾಗಿಕೊಂಡು ಸೂಜಿಮೊನೆಯಂಥ ಕೇಸರಿ ಮೊಳಕೆಗಳು ಎದ್ದಿದ್ದವು. ಅವಳು ಓಡಿ ಕಿಟಕಿಯ ಗೋಣಿಗಳನ್ನೆಲ್ಲ ಕಿತ್ತೆಸೆದಳು.

"ಬೆಳಕು ಕಣಜ್ಜಿ! ಅದಕ್ಕೆ ಬೇಕಾಗಿದ್ದು ಬೆಳಕು!"

"ಮತ್ತೆ ನಾನು ಬಡ್ದಿದ್ದು?"

"ಅದೂವೆ" ಎಂದು ಶೃತಿ ಅಜ್ಜಿಯನ್ನು ತಬ್ಬಿಕೊಂಡಳು.

ಮೊಳಕೆಗಳು ಬೆರಳುದ್ದವಾದವು, ಕುಯ್ದು ಒಣಗಿಸಿ ಪುಟ್ಟ ಬಾಟಲಿಗಳಿಗೆ ತುಂಬಿದ್ದಾಯಿತು. ರಂಜಾನ್ ಹಬ್ಬದ ಹಿಂದಿನ ದಿನ ಅಜ್ಜಿ ಮೊಮ್ಮಗಳು ಶಿರಾ ಬಸ್ಸಿನಿಂದ ಡಬ್ಬ ಹೊತ್ತು ಇಳಿದು ಅಂಗಡಿಗೆ ಬಂದರು.

"ಅರೆ, ಬಂದ್ಯಾ!" ಮಹಜಬೀನ್ ಗಲ್ಲಾದಿಂದೆದ್ದು ಬಂದಳು. "ಕಂಪನಿಯೋರು ಫೋನ್ ಮೇಲೆ ಫೋನು. ನಾನು ಎತ್ತಿದ್ರೆ ಕೇಳು!"

"ಅರ್ಧ ರಾಜ್ಯ ಎಲ್ಲವ್ವಾ?" ಎಂದಳು ಅಜ್ಜಿ.

"ಅರ್ಧ ಯಾಕಜ್ಜಿ? ಪೂರಾ ತಗೊಳ್ಳಿ." ಮಹಜಬೀನ್ ಖಾಲಿ ಶೆಲ್ಫಿನ ಧೂಳನ್ನು ದುಪಟ್ಟಾದ ತುದಿಯಿಂದ ಒರೆಸಿದಳು.

ಶೃತಿ ಒಂದೊಂದಾಗಿ ಬಾಟಲಿ ಜೋಡಿಸಿದಳು. ಕೊನೆಯದನ್ನು ಬೀದಿಯ ಬಿಸಿಲು ಬೀಳುವ ಅಂಚಿಗೆ ತಂದಿಟ್ಟು ಕೈ ತೆಗೆದಳು.