ಬಿಳಿ ಅಕ್ಷರ

“ಬಾಕ್ಸಿನಾಗ ಬರೇ ಕಚರಾ ಬಂತಲ್ಲೋ!” ಎಂದಳು ಅಂಜುಮ.

ಮುಜಾಹಿದ ಝೆರಾಕ್ಸ್ ಯಂತ್ರವನ್ನು ಅರ್ಧಕ್ಕೇ ಬಿಟ್ಟು ಬಂದು ಕಂಪ್ಯೂಟರಿಗೆ ಮುಖ ಒಡ್ಡಿದ. ಫೋರ್ಟ್ ಪ್ರದೇಶದಲ್ಲಿದ್ದ ಹಡಗು ಸಾಗಣೆಯ ಆಫೀಸೊಂದರ ಅರ್ಜಿಯ ಪುಟ ಅದು. ರೆಸ್ಯೂಮೆಯನ್ನು ಅಂಟಿಸಬೇಕಾದ ಚೌಕದಲ್ಲಿ ಅವಳ ಹೆಸರೇ ಇರಲಿಲ್ಲ. ಕಾಲೇಜಿನ ಹೆಸರು ಫೋನ್ ನಂಬರಿನೊಳಗೆ ಹೊಕ್ಕಿತ್ತು. ರೆಸ್ಯೂಮೆಯಲ್ಲಿ ಹೂಬಳ್ಳಿಯ ಅಂಚು ಇದ್ದ ಕಡೆಯೆಲ್ಲ ಪ್ರಶ್ನೆ ಚಿಹ್ನೆಗಳು ಸಾಲುಗಟ್ಟಿದ್ದವು.

“ಟೆನ್ಶನ್ ಮತ್ ಲೋ ಆಪಾ. ಪ್ರಿಂಟ್ ತೋ ಮಸ್ತ್ ಬರ್ತದ.”

“ಪ್ರಿಂಟ್ ಯಾರು ಕೇಳ್ಯಾರೋ? ಆರಕ್ಕ ಬಂದ್ ಆಗ್ತದ ಇದು.”

ಮುಜಾಹಿದ ಅವಳ ಚಿಕ್ಕಪ್ಪನ ಮಗ. ಸಾಂತಾಕ್ರೂಜ್ ಸ್ಟೇಷನ್ನಿನ ಹೊರಗೆ ಮೆಟ್ಟಿಲಿಗೆ ಅಂಟಿಕೊಂಡ ಅವನ ಅಂಗಡಿ ಮದುವೆಯ ಬಯೋಡೇಟಾಗೆ ಹೆಸರಾಗಿತ್ತು. ಮೂಲೆಗಳಲ್ಲಿ ಗುಲಾಬಿ, ಬಲಕ್ಕೆ ಫೋಟೋ, ನಡುವೆ ಎರಡು ಕಾಲಮ್ಮು. ನೌಕರಿಗೆಂದು ಬಂದವರಿಗೂ ಅವನು ಅದೇ ಅಚ್ಚಿನಲ್ಲಿ ಎರಕ ಹೊಯ್ದು ಕೊಡುತ್ತಿದ್ದ. ಅಂಜುಮಳಿಗೂ ಹಾಗೇ ಮಾಡಿಕೊಟ್ಟಿದ್ದ. ಬೊರಿವಲಿಯ ಗಂಡನ ಮನೆಯಿಂದ ಖುಲಾ ಪಡೆದು, ಮದುವೆ ಮುರಿದುಕೊಂಡು ಬಂದ ಮೇಲೆ ಅವಳು ಅದನ್ನು ಕಂಡಕಂಡ ಆಫೀಸುಗಳಿಗೆಲ್ಲ ಕಳಿಸಿದ್ದಳು. ಒಂದು ಕಡೆಯಿಂದಲೂ ‘ಬೇಡ’ ಎಂಬ ಉತ್ತರ ಕೂಡ ಬಂದಿರಲಿಲ್ಲ. ಮದುವೆಗೆ ಮುಂಚೆ ಫೋರ್ಟಿನಲ್ಲೇ ಸರಕಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದವಳಿಗೆ ಈ ಕೆಲಸ ಹೊಸದೂ ಅಲ್ಲ. ಇದೂ ಕೈತಪ್ಪಿದರೆ ದೊಡ್ಡಮ್ಮ ಇನ್ನೊಂದು ಗಂಡು ನೋಡಲು ಮುಜಾಹಿದನ ಬಳಿ ಇನ್ನೊಂದು ಬಯೋಡೇಟಾ ಮಾಡಿಸುವುದು ಖಚಿತವಿತ್ತು. ಆಗಲೇ ಹಿಂದುಗಡೆ ಪರದೆ ಹಾಕಿ ಫೋಟೋ ತೆಗೆಸಿಕೋ ಎಂದು ಎರಡು ಸಲ ಹೇಳಿಯಾಗಿತ್ತು.

ಅವಳು ಧಾತ್ರಿಗೆ ಫೋನ್ ಹಚ್ಚಿದಳು. ಧಾತ್ರಿ ಮೈಸೂರು ಕಡೆಯವಳು. ಒಂದು ಕಂಪನಿಯಲ್ಲಿ ನೌಕರರನ್ನು ಆರಿಸುವ ಕೆಲಸ. ಅಂಜುಮಳ ಅಪ್ಪ ನಬೀಸಾಬ ಧಾತ್ರಿಯ ಮನೆಯ ಸೋಫಾಕ್ಕೆ ಹೊಸ ಬಟ್ಟೆ ಹೊದಿಸಿದಾಗ ಆದ ಪರಿಚಯ.

“ಹೂವು, ಬಾರ್ಡರು, ಫೋಟೋ ಒಂದೂ ಬೇಡ ಕಣೇ,” ಎಂದಳು ಧಾತ್ರಿ. “ಅದನ್ನ ಮೊದಲು ಓದೋದು ಯಂತ್ರ. ಅದಕ್ಕೆ ನಿನ್ನ ಗುಲಾಬಿ ತಗೊಂಡು ಏನಾಗ್ಬೇಕು? ಫೈಲನ್ನ ಪ್ಲೇನ್ ಟೆಕ್ಸ್ಟ್ ಅಂತ ಸೇವ್ ಮಾಡು. ಬರೀ ಅಕ್ಷರ ಉಳಿಯತ್ತೆ. ಆಮೇಲೆ ನೋಟ್‌ಪ್ಯಾಡಲ್ಲಿ ತೆಗೆದು ಒಂದೊಂದು ಸಾಲೂ ಓದು. ಓದದೆ ಮಾತ್ರ ಕಳಿಸ್ಬೇಡ, ಆಯ್ತಾ?”

“ಆತ್ರೀ ಮ್ಯಾಡಮ್.”

ಮುಜಾಹಿದನ ಮುಖ ಸಪ್ಪಗಾಯಿತು. “ಡಿಸೈನ್ ಪೂರಾ ಹೋಗ್ತದ ಆಪಾ. ಇತ್ನಾ ಮೆಹನತ್ ಮಾಡಿದ್ದೆ.”

“ನಿನ್ನ ಡಿಸೈನಿಗೆ ಮದುಮಗನ ಹೂವಿನ ಸೆಹರಾ ಒಂದು ಕಟ್ಟೂದು ಬಾಕಿ ಇತ್ತು. ಸೇವ್ ಮಾಡು.”

ಬಿಳಿ ಪುಟದ ಮೇಲೆ ಕಪ್ಪು ಅಕ್ಷರಗಳು ಮೂಡಿದವು. ಎಲ್ಲವೂ ಒಂದೇ ಗಾತ್ರ. ಕೊನೆಗೂ ಅವಳ ಹೆಸರು ಮೇಲೆ ಬಂದಿತ್ತು. ಅಂಜುಮ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಇಳಿದಳು. ಓದು, ಹಳೆಯ ಕೆಲಸ, ಟೈಪಿಂಗಿನ ವೇಗ. ಅದರ ಕೆಳಗೆ ಅವಳು ಬರೆಸದ ಸಾಲುಗಳಿದ್ದವು.

ಎತ್ತರ ಐದಡಿ ಎರಡಂಗುಲ. ಗೋಧಿ ಬಣ್ಣ. ಅಡುಗೆ, ಕಸೂತಿ ಬಲ್ಲಳು. ಮದುವೆಯ ನಂತರ ನೌಕರಿ ಮಾಡುವ ಇಚ್ಛೆ ಇಲ್ಲ.

ಇಂಗ್ಲಿಷಿನ ಆ ಕೊನೆಯ ಸಾಲನ್ನು ಅವಳು ಮತ್ತೆ ಓದಿದಳು.

“ಇದು ಎಲ್ಲಿಂದ ಬಂತು?”

ಮುಜಾಹಿದ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. “ನಿಂದ ಶಾದಿ ಬಯೋಡೇಟಾ... ಅದರ ಮ್ಯಾಲ ಇದು ಬನಾಯಿಸಿದೆ. ಲೈನ್ ಡಿಲೀಟ್ ಮಾಡಿದ್ರ ಫೋಟೋ ಸರೀತದ, ಬಾರ್ಡರ್ ಕುಣೀತದ. ಅದಕ್ಕ ಬೇಡಾದದ್ದಕ್ಕ ಬಿಳಿ ಕಲರ್ ಕೊಡ್ತೀನಿ. ಎಲ್ಲಾರಿಗೂ ಹಂಗೇ. ಕಾಗದದ ಮ್ಯಾಲ ಕಾಣ್ತದೇನು?”

“ಯಂತ್ರಕ್ಕ ಕಾಣ್ತದಲ್ಲ.”

ಹಿಂದೆ ಝೆರಾಕ್ಸಿಗೆ ನಿಂತಿದ್ದ ಗಿರಾಕಿಯೊಬ್ಬ “ಜಲ್ದಿ ಕರೋ ಭಾಯ್” ಎಂದ. ಮುಜಾಹಿದ ಕೈಸನ್ನೆಯಲ್ಲೇ ಅವನನ್ನು ತಡೆದ. ಮೆಟ್ಟಿಲ ಮೇಲೆ ಒಂದು ಲೋಕಲ್ ರೈಲಿನ ಜನವೆಲ್ಲ ದಡದಡ ಇಳಿಯಿತು. ಕಳಿಸಿದ ಅರ್ಜಿಗಳನ್ನೆಲ್ಲ ಅಂಜುಮ ನೆನೆದಳು. ಕೆಲಸ ಕೊಡಿ ಎಂದು ಅವಳು ಕೇಳಿದ ಪ್ರತಿ ಬಾಗಿಲಲ್ಲೂ ಈ ಸಾಲು ಅವಳ ಹಿಂದೆಯೇ ನಿಂತು ಬೇಡ ಎಂದಿತ್ತು.

ಅಷ್ಟರಲ್ಲಿ ನಬೀಸಾಬ ಬಂದರು. ಬಗಲಲ್ಲಿ ರೆಕ್ಸಿನ್ನಿನ ಸುರುಳಿ, ಅಂಗಿಯ ಕಾಲರಿಗೆ ಚುಚ್ಚಿದ ದಬ್ಬಣ.

“ಏನವ್ವಾ, ಆತೇನು?”

ಅವರು ಪರದೆಯತ್ತ ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಇಲ್ಲ. “ಏನು ಬರದದ?”

ಅಂಜುಮ ಆ ಸಾಲನ್ನೂ ಅದು ಇಷ್ಟು ದಿನ ಬಿಳಿ ಬಣ್ಣದಲ್ಲಿ ಅಡಗಿದ್ದುದನ್ನೂ ಕನ್ನಡದಲ್ಲಿ ಹೇಳಿದಳು. ದನಿ ಏರಿಸಲಿಲ್ಲ.

ನಬೀಸಾಬ ಸುರುಳಿಯನ್ನು ಕೆಳಗಿಟ್ಟರು. ಅದು ಉರುಳಿಹೋಗದಂತೆ ಕಾಲು ಅಡ್ಡ ಇಟ್ಟರು.

“ಬೊರಿವಲಿಯವ್ರು ಹುಡುಗಿ ನೌಕರಿ ಬಿಡಬೇಕು ಅಂದ್ರು,” ಎಂದರು. “ಇವಗ ಬರಿಯಪಾ ಅಂತ ನಾನ ಹೇಳಿದೆ.”

“ನನ್ನ ಕೇಳಿದ್ರೇನು ಬಾಬಾ?”

ಅವರು ಕಾಲರಿನ ದಬ್ಬಣವನ್ನು ತೆಗೆದು ಮತ್ತೆ ಅಲ್ಲೇ ಚುಚ್ಚಿಕೊಂಡರು. ಅವಳು ಉತ್ತರಕ್ಕೆ ಕಾದಳು. ಬೊರಿವಲಿಯ ಆ ಮನೆಯಲ್ಲಿ ಐದು ವರ್ಷ ಅವಳು ಕಲಿತದ್ದು ಮೌನಗಳನ್ನು ಬಿಡಿಬಿಡಿಯಾಗಿ ಗುರುತಿಸುವುದನ್ನು. ಇದು ಸಿಟ್ಟಿನ ಮೌನವಲ್ಲ, ಅಡ್ಡಿಯದೂ ಅಲ್ಲ.

“ಈಗ ಹ್ಯಾಂಗ ಮಾಡ್ತಿ?” ಎಂದರು ಕೊನೆಗೆ.

“ಈಗ ನಾನ ಬರೀತೀನಿ. ಏಳೋ ಮುಜಾಹಿದ.”

ಅವನು ಸ್ಟೂಲು ಬಿಟ್ಟುಕೊಟ್ಟ. ಅಂಜುಮ ಕೊನೆಯ ಸಾಲಿನ ತುದಿಗೆ ಕರ್ಸರ್ ಇಟ್ಟು ಅಳಿಸುವ ಕೀಲಿಯನ್ನು ಒತ್ತಿಹಿಡಿದಳು. ಇಚ್ಛೆ ಹೋಯಿತು, ನೌಕರಿ ಹೋಯಿತು, ಕಸೂತಿ, ಗೋಧಿ ಬಣ್ಣ, ಎತ್ತರ ಎಲ್ಲ ಹೋದವು. ಎರಡು ಕಾಲಮ್ಮಿನಲ್ಲಿ ಹಿಂದುಮುಂದಾಗಿ ಬಿದ್ದಿದ್ದ ಮಾತುಗಳನ್ನು ಒಂದರ ಕೆಳಗೊಂದು ಇಳಿಸಿದಳು. ಫೋರ್ಟಿನ ಹಳೆಯ ಆಫೀಸು, ಅಲ್ಲಿ ಮಾಡಿದ ಕೆಲಸ, ಬಿಟ್ಟ ವರ್ಷ. ಅಲ್ಲಿಂದ ಇವತ್ತಿನವರೆಗೆ ಏನೂ ಇರಲಿಲ್ಲ. ಗುಲಾಬಿಗಳ ನಡುವೆ ಎಂದೂ ಕಣ್ಣಿಗೆ ಬೀಳದ ಆ ಖಾಲಿ ಈಗ ಬಾಗಿಲು ತೆಗೆದಿಟ್ಟ ಕೋಣೆಯಂತೆ ಕಾಣುತ್ತಿತ್ತು.

“ಇಲ್ಲಿ ಇವೆಂಟ್ ಮ್ಯಾನೇಜ್‌ಮೆಂಟ್ ಅಂತ ಹಾಕು ಆಪಾ,” ಎಂದ ಮುಜಾಹಿದ ಮೆಲ್ಲಗೆ. “ಶಾದಿ ಭೀ ತೋ ಇವೆಂಟ್ ಹೀ ಹೈ.”

ಅವಳಿಗೆ ನಗು ಬಂತು. ನಬೀಸಾಬ ಅವನ ತಲೆಗೊಂದು ಮೊಟಕಿದರು.

“ಸುಳ್ಳು ಬ್ಯಾಡ. ಖಾಲೀನೂ ಬ್ಯಾಡ,” ಎಂದಳು ಅಂಜುಮ. ಎರಡು ಬೆರಳಿನಿಂದ ಶುರುವಾದ ಟೈಪಿಂಗು ಹೋಗುತ್ತಾ ಹೋಗುತ್ತಾ ಹತ್ತು ಬೆರಳಿಗೆ ಹಬ್ಬಿತು. ‘ಈ ವರ್ಷಗಳಲ್ಲಿ ಮನೆಯಲ್ಲಿದ್ದೆ. ನೌಕರಿ ಮಾಡಲಿಲ್ಲ. ಈಗ ಮಾಡಲು ಸಿದ್ಧಳಿದ್ದೇನೆ.’ ಯಾವುದನ್ನೂ ದಪ್ಪ ಮಾಡಲು, ಯಾವುದರ ಕೆಳಗೂ ಗೆರೆ ಎಳೆಯಲು ಅಲ್ಲಿ ಬರುತ್ತಿರಲಿಲ್ಲ. ಮೇಲಿನಿಂದ ಕೆಳಗೆ ಇನ್ನೊಮ್ಮೆ ಓದಿ, ಪೂರ್ತಿ ನಕಲು ಮಾಡಿ ಚೌಕದಲ್ಲಿ ಅಂಟಿಸಿದಳು. ಈ ಸಲ ಯಾವ ಸಾಲೂ ಜಾಗ ಬಿಟ್ಟು ಕದಲಲಿಲ್ಲ. ಕಳಿಸುವ ಗುಂಡಿ ಒತ್ತಿದಳು. ಅರ್ಜಿ ತಲುಪಿದೆ ಎಂದು ಪರದೆ ಹೇಳಿತು. ಆರಕ್ಕೆ ಇನ್ನೂ ಹೊತ್ತಿತ್ತು.

“ಒಂದ ಪ್ರಿಂಟ್ ತಗಿ,” ಎಂದರು ನಬೀಸಾಬ. “ನಾನೂ ನೋಡ್ತೀನಿ.”

ಯಂತ್ರ ಹಾಳೆಯೊಂದನ್ನು ಹೊರಗೆ ತಳ್ಳಿತು. ಹೂವಿಲ್ಲ, ಅಂಚಿಲ್ಲ, ಫೋಟೋ ಇಲ್ಲ. ನಬೀಸಾಬ ಬಿಸಿಯಾಗಿದ್ದ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದರು. ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದರು. ಆಮೇಲೆ ಅಂಗಡಿಯ ಬಾಗಿಲಿಗೆ ನಡೆದು, ಮೆಟ್ಟಿಲ ಸಂದಿಯಿಂದ ಬೀಳುತ್ತಿದ್ದ ಸಂಜೆಯ ಬಿಸಿಲಿಗೆ ಅದನ್ನು ಎತ್ತಿಹಿಡಿದು, ಸ್ವಲ್ಪ ಓರೆ ಮಾಡಿ, ಸಾಲುಗಳ ನಡುವಿನ ಬಿಳಿ ಜಾಗವನ್ನು ಕಣ್ಣು ಕಿರಿದುಮಾಡಿ ನೋಡುತ್ತಾ ನಿಂತರು.