ಗೇಟಿಗೊಂದು ಬಟ್ಟೆ

ಡೋರಿನ್ ಓಡಿಬಂದು ಟ್ರ್ಯಾಕ್ಟರಿಗೆ ಅಡ್ಡ ನಿಂತ. ಗವ್ರಿಲಾ ಬ್ರೇಕ್ ಒತ್ತಿದ. ಹಿಂದಿನ ಟ್ರೇಲರಿನಲ್ಲಿ ಡೋರಿನ್‌ನ ಅಪ್ಪ ಇಸಿಡೋರನ ಶವಪೆಟ್ಟಿಗೆ ಒಮ್ಮೆ ಜಗ್ಗಿ ನಿಂತಿತು.

“ಇಲ್ಲೂ ಬಟ್ಟೆ ಹಾಸಿ,” ಎಂದ ಡೋರಿನ್.

ಪ್ಲೋಪು ಹಳ್ಳಿಯಲ್ಲಿ ಹೆಣ ದಾಟುವ ಪ್ರತಿ ಕೂಡುದಾರಿಯಲ್ಲೂ ನೆಲಕ್ಕೊಂದು ಬಟ್ಟೆ ಹಾಸುತ್ತಾರೆ. ಸತ್ತವನಿಗೆ ಅದೇ ಸೇತುವೆ. ಬಾವಿಯ ಬಳಿ ಹಾಸಿದ್ದರು, ಗಿರಣಿಯ ತಿರುವಿನಲ್ಲಿ ಹಾಸಿದ್ದರು. ರೈಲ್ವೆ ಗೇಟಿಗೆ ಮಾತ್ರ ಯಾರೂ ತಂದಿರಲಿಲ್ಲ. ಇಸಿಡೋರ್ ಜೀವಮಾನವಿಡೀ ಟಿಕೆಟ್ ಕೊಟ್ಟು, ಗಂಟೆ ಬಾರಿಸಿ, ಗೇಟು ಇಳಿಸಿ ಸವೆದುಹೋದ ಜಾಗಕ್ಕೆ ಒಂದು ಗೇಣು ಬಟ್ಟೆಯಿಲ್ಲ.

“ಹಳಿಯೇ ಇಲ್ವಲ್ಲೋ ಮಗಾ,” ಎಂದಳು ವೆತಾ ಅತ್ತೆ, ಸತ್ತವನ ಹೆಸರಲ್ಲಿ ಹಂಚಲು ಬೇಯಿಸಿದ ಗೋಧಿಯ ತಟ್ಟೆಯನ್ನು ಸೊಂಟಕ್ಕೆ ಸರಿಸಿಕೊಂಡು. “ಹಳಿ ಇಲ್ದ್ಮೇಲೆ ಇದೆಂಥಾ ಕೂಡುದಾರಿ?”

“ಹಳಿ ಎಲ್ಲಿಗೆ ಹೋಯ್ತು ಅತ್ತೆ? ನಿನ್ನ ಕೊಟ್ಟಿಗೆಗೆ ತೊಲೆ ಯಾವ್ದು ಹಾಕ್ಸಿದೀಯ? ಈ ಗವ್ರಿಲಾ ಮಾಮನ ದ್ರಾಕ್ಷಿ ಚಪ್ಪರ ಯಾವುದರ ಮೇಲೆ ನಿಂತಿದೆ, ಹೇಳು.”

ಪಾದ್ರಿ ಮೋಡ ನೋಡಿದರು. “ಮಳೆ ಬರೋ ಹಾಗಿದೆ, ಡೋರಿನ್. ಗುಂಡಿಗೆ ನೀರು ತುಂಬುತ್ತೆ.”

“ತುಂಬ್ಲಿ ಸ್ವಾಮಿ. ನಮ್ಮಪ್ಪ ಇಲ್ಲಿ ನಿಲ್ಲದೆ ದಾಟಲ್ಲ.”

*

ಗೇಟಿನ ಪಕ್ಕದ ಆ ಸ್ಟೇಷನ್ ಕಟ್ಟುವಾಗ ಊರಿಗೆ ಊರೇ ಕಲ್ಲು ಹೊತ್ತಿತ್ತು. ಬೀಟ್‌ಗೆಡ್ಡೆ ಸಕ್ಕರೆ ಕಾರ್ಖಾನೆಗೆ ಹೋದದ್ದು ಅಲ್ಲಿಂದ, ಗಂಡುಹುಡುಗರು ಸೈನ್ಯಕ್ಕೆ ಹತ್ತಿದ್ದು ಅಲ್ಲಿಂದ. ಗವ್ರಿಲಾನ ಹೆಂಡತಿ ಇಲಿಂಕಾ ಮದುಮಗಳಾಗಿ ಇಳಿದದ್ದೂ ಅಲ್ಲೇ. ಕಾರ್ಖಾನೆ ಮುಚ್ಚಿತು, ರೈಲೂ ನಿಂತಿತು.

ಒಂದು ಮಧ್ಯಾಹ್ನ, ಹಾಡಹಗಲೇ, ಗವ್ರಿಲಾ ಜನ ಕಟ್ಟಿಕೊಂಡು ಹಳಿ ಬಿಚ್ಚಲು ಬಂದ. ಡೋರಿನ್ ಕೊಡಲಿ ತಂದ. ಇಸಿಡೋರ್ ಅದನ್ನು ಕಿತ್ತುಕೊಂಡು ಒಳಗಿಟ್ಟು, ತನ್ನ ಸ್ಟೇಷನ್ ಮಾಸ್ತರಿಕೆಯ ಕೆಂಪು ಟೋಪಿ ಹಾಕಿಕೊಂಡು ಬಂದು ಗೇಟು ಇಳಿಸಿದ.

“ಕಳ್ಳರಿಗೆ ಗೇಟು ಹಾಕ್ತಿದೀಯಲ್ಲಪ್ಪ, ನಾಚ್ಕೆ ಆಗಲ್ವಾ?” ಎಂದ ಡೋರಿನ್.

“ಹಳಿ ಮೇಲೆ ಜನ ಬಗ್ಗಿ ಕೆಲ್ಸ ಮಾಡ್ತಿದಾರೆ. ರಸ್ತೇಲಿ ಯಾವುದಾದ್ರೂ ಗಾಡಿ ಬಂದು ಗುದ್ದಿದ್ರೆ?”

ಗವ್ರಿಲಾನ ಜನ ಬಿದ್ದು ಬಿದ್ದು ನಕ್ಕರು. ಕೊನೆಯ ತುಂಡು ಟ್ರೇಲರಿಗೆ ಏರುವ ತನಕ ಇಸಿಡೋರ್ ಗೇಟಿನ ಪಕ್ಕದಲ್ಲೇ ನಿಂತಿದ್ದ. ಆಮೇಲೆ ಗೇಟು ಎತ್ತಿ, ಗವ್ರಿಲಾನಿಗೆ ಹೋಗೆಂದು ಕೈ ತೋರಿಸಿದ.

ಆ ದಿನ ಡೋರಿನ್ ಅಪ್ಪನ ಜೊತೆ ಉಣ್ಣಲಿಲ್ಲ.

*

ಗವ್ರಿಲಾ ಎಂಜಿನ್ ಆರಿಸಿ ಕೆಳಗಿಳಿದ. ಟೋಪಿ ತೆಗೆದ. ಇಲಿಂಕಾ ತಲೆಗೆ ಕಟ್ಟಿದ್ದ ಕರಿಬಟ್ಟೆಯನ್ನು ಬಿಚ್ಚಿದಳು.

“ಅದು ತಲೆಬಟ್ಟೆ ಕಣೇ,” ಎಂದಳು ವೆತಾ.

“ಗೊತ್ತು ಬಿಡಕ್ಕ.” ಅವಳು ಮಂಡಿಯೂರಿ, ಹಳಿ ಇದ್ದ ಜಲ್ಲಿಯ ಮೇಲೆ ಅದನ್ನು ಹರಡಿದಳು. ನೆರೆತ ಕೂದಲಿನ ಮೇಲೆ ಮೊದಲ ಹನಿಗಳು ಬಿದ್ದವು. ಪಾದ್ರಿ ಪುಸ್ತಕ ತೆರೆದರು.

ಪ್ರಾರ್ಥನೆ ಮುಗಿಯಿತು. ಗವ್ರಿಲಾ ಸೀಟು ಹತ್ತಿ ಎಂಜಿನ್ ಎಬ್ಬಿಸಿದ. ಆದರೆ ಹೊರಡಲಿಲ್ಲ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಎರಡೂ ಕಡೆ ಎದೆಯೆತ್ತರದ ಕಳೆ, ಅದರ ನಡುವೆ ಖಾಲಿ ಜಲ್ಲಿಯ ಗೆರೆ. ಆಮೇಲೆ ಡೋರಿನ್‌ನ ಕಡೆ ನೋಡಿ ಕಾದ.

ಡೋರಿನ್ ಪಕ್ಕಕ್ಕೆ ಸರಿದು, ಹೋಗೆಂದು ಕೈ ತೋರಿಸಿದ.