ಮೂರನೇ ಸೀಟಿ

ನನ್ನ ಮಾವ ಅರ್ಧ ಆಯಸ್ಸು ಕಲ್ಲಿನ ಕ್ವಾರಿಯಲ್ಲಿ ಮದ್ದಿಟ್ಟು ಬಂಡೆ ಸಿಡಿಸಿದವರು. ಕ್ವಾರಿ ಮುಚ್ಚಿ, ಅದೇ ಗುಂಡಿಯಲ್ಲಿ ಸಸ್ಯೋದ್ಯಾನ ಎದ್ದು, ಊರೆಲ್ಲ ನೋಡಿ ಬಂದರೂ ಇವರು ಮಾತ್ರ ಆ ಕಡೆ ತಲೆ ಹಾಕಿರಲಿಲ್ಲ. “ಇಡೀ ಗುಡ್ಡ ನುಂಗಿ ನೀರು ಕುಡಿದೋನು ನಾನು. ಯಾವ ಮುಖ ಹೊತ್ಕೊಂಡು ಹೋಗ್ಲಿ?” ಎನ್ನುತ್ತಿದ್ದರು.

ಅವರ ಕಣ್ಣಿನ ಆಪರೇಷನ್ ಆದ ಮೇಲೆ ನಾನೇ ಒಂದು ಬುರುಡೆ ಬಿಟ್ಟೆ. “ಹೊಸ ಕಣ್ಣಿಗೆ ಹಸಿರು ತೋರಿಸ್ಬೇಕಂತೆ ಮಾವ, ಡಾಕ್ಟರು ಹೇಳಿದಾರೆ.” ಡಾಕ್ಟರು ಹೇಳಿದ್ದು ಧೂಳಿಗೆ ಹೋಗಬೇಡಿ ಎಂದಷ್ಟೇ.

ಆ ಸಂಜೆ ಉದ್ಯಾನದ ಇಳಿಜಾರಿನ ದಾರಿಯಲ್ಲಿ ಮಾವ ತಲೆ ತಗ್ಗಿಸಿಯೇ ಬಂದರು. ನಾನಂತೂ ಬಾಯಿ ಬಿಟ್ಟುಕೊಂಡು ನೋಡಿದೆ. ಲಾರಿಗಳು ಓಡಾಡುತ್ತಿದ್ದ ತಳದಲ್ಲಿ ತಾವರೆ ಕೊಳ. ಬಂಡೆ ಕಡಿದು ಉಳಿದ ದೊಡ್ಡ ದೊಡ್ಡ ಮೆಟ್ಟಿಲುಗಳ ಮೇಲೆಲ್ಲ ಗಿಡ. ಕೆಳಗೆ ನೆರಳು ಬೇಡುವವು, ಮೇಲೆ ಬಿಸಿಲು ಬೇಡುವವು. ಇದನ್ನು ಮಾಡಿದವರ ಕೈಗೆ ಚಿನ್ನದ ಕಡಗ ತೊಡಿಸಬೇಕು ಅನ್ನಿಸಿತು.

ಕೊಳದಾಚೆಯ ಬಂಡೆಗೋಡೆಯ ಹತ್ತಿರ ಮಾವ ನಿಂತುಬಿಟ್ಟರು. ಅಲ್ಲಿ ಮದ್ದು ತುಂಬುವ ಮೊದಲೇ ಕೆಲಸ ನಿಂತು ಉಳಿದುಹೋದ ಕುಳಿಗಳ ಸಾಲಿತ್ತು. ಪ್ರತಿ ಕುಳಿಯಿಂದಲೂ ಒಂದು ಜರೀಗಿಡ ಇಣುಕುತ್ತಿತ್ತು. ಮಾವ ಒಂದರೊಳಗೆ ಬೆರಳಿಟ್ಟರು.

“ನಾನೇ ಕೊರೆದಿದ್ದು ಕಣಮ್ಮ. ನಾನು ಮದ್ದು ತುಂಬ್ತಿದ್ದೆ. ಇವರು ಮಣ್ಣು ತುಂಬಿದಾರೆ.”

ಅವರ ಕಣ್ಣಲ್ಲಿ ನೀರು. “ಅಳಬಾರದಂತೆ, ಡಾಕ್ಟರು ಹೇಳಿದಾರೆ” ಎಂದೆ. ಅದೂ ಬುರುಡೆಯೇ.

ಅಷ್ಟರಲ್ಲಿ ಎಲ್ಲೋ ಸೀಟಿ ಕೇಳಿತು. ಮಾವ ಬೆಚ್ಚಿದರು. ಎರಡನೇ ಸೀಟಿಗೆ ನನ್ನ ರಟ್ಟೆ ಹಿಡಿದೆಳೆದು ಬಂಡೆಯೊಂದರ ಮರೆಗೆ ಕೂರಿಸಿ, ನನ್ನ ತಲೆಯ ಮೇಲೆ ಕೈ ಅಡ್ಡ ಇಟ್ಟರು. ಕ್ವಾರಿಯಲ್ಲಿ ಮೂರು ಸೀಟಿ ಆದರೆ ಬಂಡೆ ಸಿಡಿಯುತ್ತದೆಂದು ಲೆಕ್ಕ. ಆ ಅಭ್ಯಾಸ ಮೈಯಿಂದ ಹೋಗಿರಲಿಲ್ಲ.

ಮೂರನೇ ಸೀಟಿಯೂ ಆಯಿತು. ಮಾವ ಉಸಿರು ಬಿಗಿಹಿಡಿದರು. ಏನೂ ಸಿಡಿಯಲಿಲ್ಲ. ಕೊಳದಲ್ಲಿ ಕಪ್ಪೆಯೊಂದು ವಟಗುಟ್ಟಿತು.

ಸೀಟಿ ಹಿಡಿದು ಬಂದ ಕಾವಲುಗಾರ ನಮ್ಮನ್ನು ನೋಡಿ ಕಕ್ಕಾಬಿಕ್ಕಿಯಾದ. “ಏನಾಯ್ತು ಯಜಮಾನ್ರೇ? ಗೇಟು ಹಾಕೋ ಹೊತ್ತಾಯ್ತು, ಅಷ್ಟೇ.”

ಮಾವ ಮೊಣಕಾಲು ಹಿಡಿದುಕೊಂಡು ಎದ್ದರು. ಗೋಡೆಯನ್ನು ಬುಡದಿಂದ ತುದಿಯವರೆಗೆ ಮೊದಲ ಸಲ ತಲೆಯೆತ್ತಿ ನೋಡಿದರು.

“ದಿನಾ ಊದ್ತೀಯೇನಪ್ಪಾ?”

“ಹೂಂ, ದಿನಾ.”

“ಹಾಗಾದ್ರೆ ನಾಳೇನೂ ಬರ್ತೀನಿ. ಮೂರನೇ ಸೀಟಿ ಆದ್ಮೇಲೆ ಏನೂ ಆಗದೇ ಇರೋದನ್ನ ಇನ್ನೊಂದ್ಸಲ ಕೇಳ್ಬೇಕು.”